ಭರಪೂರ ಉಂಡು ಬಾರೀಕಾದದ್ದು

"ಬಾರೀಕ ಆಗೀರಲ್ರಿ", ತೆಳ್ಳಗಾಗಿದ್ದೀರಿ, ಎಂದು ಯಾರಾದರೂ ಅಂದರೆ ಹೆಂಗಸರಾದವರು ಹಿಗ್ಗಬೇಕು, ಅದು ಲೋಕರೂಢಿ. ನನಗೆ ಮಾತ್ರ ಎದೆ ಧಸಕ್ಕೆನ್ನುತ್ತದೆ. ಹೋದ ವಾರ ಅಥಣಿಯಲ್ಲೊಂದು ಮದುವೆಗೆ ಹೋಗಿದ್ದೆ. ದೂರದ ಸಂಬಂಧದ ಒಬ್ಬಾಕೆ ನನ್ನ ಸೆರಗಿನ ತುದಿ ಹಿಡಿದು ನಿಲ್ಲಿಸಿದಳು. ಮೇಲಿಂದ ಕೆಳಗಿನವರೆಗೆ ನೋಡಿ, ಬಾರೀಕ ಆಗಿದ್ದೀರಿ, ಏನು ಮಾಡಿದಿರಿ, ನಮಗೂ ಹೇಳಿ ಎಂದಳು. ನಾನು ಏನೂ ಮಾಡಿರಲಿಲ್ಲ. ಅಂಜಿಕೆ ಹುಟ್ಟಿದ್ದೇ ಅದಕ್ಕೆ. ಅಕ್ಷತೆ ಹಾಕಿದ್ದು ನೆನಪಿಲ್ಲ, ಊಟಕ್ಕೆ ಏನು ಬಡಿಸಿದರೆಂಬುದೂ ನೆನಪಿಲ್ಲ. ಮನೆಗೆ ಬಂದವಳೇ ಅಡುಗೆಮನೆಯ ಮೂಲೆಗೆ ಹೋಗಿ, ಹಿಟ್ಟಿನ ಡಬ್ಬಿಯ ಹಿಂದಿದ್ದ ತೂಕದ ಯಂತ್ರವನ್ನು ಎಳೆದು ಅದರ ಮೇಲೆ ನಿಂತೆ. ಒಂದು ಗುಂಜಿಯೂ ಇಳಿದಿರಲಿಲ್ಲ. ಆಕೆಯ ಕಣ್ಣಿಗೆ ಮೋಸ ಮಾಡಿದ್ದು ನಾನು ಉಟ್ಟಿದ್ದ ಕಡುನೀಲಿ ಸೀರೆ ಇರಬೇಕು. ಇಷ್ಟೊಂದು ತೂಕ ಇಟ್ಟುಕೊಂಡು ಇಷ್ಟೊಂದು ಸಮಾಧಾನ ಪಟ್ಟ ಹೆಂಗಸು ನಮ್ಮ ಅಂಕಲಿಯಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ.

ನಾನು ಮೊದಲಿನಿಂದಲೂ ಅಂಜುಬುರುಕಿ. ಕುಕ್ಕರ್ ಸೀಟಿ ಹೊಡೆಯುವ ಮುಂಚೆ ಸುಂಯ್ ಎಂದು ಹವಣಿಸುತ್ತದಲ್ಲ, ಆಗ ಅಡುಗೆಮನೆ ಬಿಟ್ಟು ಪಡಸಾಲೆಗೆ ಬಂದು ನಿಲ್ಲುತ್ತೇನೆ. ಸುಗ್ಗಿಯಲ್ಲಿ ಕಬ್ಬು ಹೇರಿಕೊಂಡು ಹೊಯ್ದಾಡುತ್ತ ಬರುವ ಟ್ರ್ಯಾಕ್ಟರ್ ಎದುರಾದರೆ ಸ್ಕೂಟಿ ಇಳಿದು, ಅದು ಕಣ್ಮರೆಯಾಗುವ ತನಕ ಹೊಲದ ಬದುವಿನ ಮೇಲೆ ನಿಂತುಕೊಳ್ಳುತ್ತೇನೆ. ಹಿಂದಿನವರು ಹಾರ್ನ್ ಹೊಡೆದರೆ ಅದಕ್ಕೂ ಅಂಜುತ್ತೇನೆ.

ನನ್ನ ತವರು ದಿಗ್ಗೇವಾಡಿ, ಹೊಳೆಸಾಲಿನ ಊರು. ಮಳೆಗಾಲದಲ್ಲಿ ಕೃಷ್ಣೆ ಏರತೊಡಗಿದಳೆಂದರೆ ನಮ್ಮಜ್ಜಿ ಮೊದಲು ಮಾಡುತ್ತಿದ್ದ ಕೆಲಸ ರೊಟ್ಟಿ ಬಡಿಯುವುದು. ಕಡಕ ರೊಟ್ಟಿಯ ಬುಟ್ಟಿಗಳನ್ನು ಅಟ್ಟಕ್ಕೆ ಏರಿಸಿ, ಆಮೇಲೆ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಹೊಟ್ಟೆ ಬಿರಿಯುವಂತೆ ಉಣ್ಣಿಸುತ್ತಿದ್ದಳು. ಹೊಳೆ ಊರೊಳಗೆ ಬಂದ ಮೇಲೆ ಮುಂದಿನ ಊಟ ಯಾವಾಗಲೋ, ಈಗಲೇ ತುಂಬಿಕೊಳ್ಳಿ ಎಂಬುದು ಅವಳ ಮಾತು. ಎಷ್ಟೋ ಸಲ ಹೊಳೆ ಹಿತ್ತಲಿನ ತನಕ ಬಂದು ಹಾಗೇ ಹಿಂದೆ ಸರಿದುಬಿಡುತ್ತಿತ್ತು. ನಾವು ಉಂಡದ್ದು ಮಾತ್ರ ಮೈಯಲ್ಲೇ ನಿಲ್ಲುತ್ತಿತ್ತು. ನನ್ನ ಈಗಿನ ಗಾತ್ರದಲ್ಲಿ ಅರ್ಧಪಾಲು ಬಾರದೇ ಹೋದ ಹೊಳೆಗಳದ್ದು.

ಆಗ ಬಾರೀಕ ಎಂಬ ಮಾತಿಗೆ ಮೆಚ್ಚುಗೆಯ ಅರ್ಥ ಇರಲಿಲ್ಲ. ಓಣಿಯಲ್ಲಿ ಯಾರಾದರೂ ಇಳಿದುಹೋದರೆ ಅಜ್ಜಿ ದನಿ ತಗ್ಗಿಸಿ, ಅವನು ಸೊರಗುತ್ತಿದ್ದಾನೆ ಎನ್ನುತ್ತಿದ್ದಳು. ಸೊರಗಿದವರ ಮನೆಯ ಮುಂದೆ ಆಡಬೇಡಿ ಎಂದು ನಮಗೆ ತಾಕೀತು. ಅವರಲ್ಲಿ ಕೆಲವರು ಮತ್ತೆ ಕಟ್ಟೆಗೆ ಬಂದು ಕೂಡುತ್ತಿದ್ದರು, ಕೆಲವರು ಕೂಡುತ್ತಿರಲಿಲ್ಲ.

ಇಂಥ ನನಗೆ ಚಿಕ್ಕೋಡಿಯ ಡಾಕ್ಟರು ಮೊಣಕಾಲು ಹಿಚುಕಿ ನೋಡಿ, ತೂಕ ಇಳಿಸಿದರೆ ನೋವು ಇಳಿಯುತ್ತದೆ ಎಂದರು. ಮನೆಗೆ ಬಂದು ಹೇಳಿದೆ. ನಮ್ಮದು ಕೂಡುಕುಟುಂಬ. ಅತ್ತೆ, ನಾವು ಗಂಡಹೆಂಡತಿ, ನನ್ನ ಮೈದುನ ಭರತೇಶ, ಅವನ ಹೆಂಡತಿ ತ್ರಿಶಲಾ. ನಾನು ಹಿರಿಯ ಸೊಸೆ, ತ್ರಿಶಲಾ ಕಿರಿಯವಳು. ವಾರಗಿತ್ತಿಯರೆಂದರೆ ಹಾವು ಮುಂಗುಸಿ ಎಂಬ ಮಾತಿದೆ. ನಾವು ಮಾತ್ರ ಎದುರುಬದುರು ಕೂತು ರೊಟ್ಟಿ ಬಡಿಯುತ್ತ ಒಂದೇ ಅಳತೆಗೆ ಉಬ್ಬಿದವರು. ಒಬ್ಬಳ ಕುಪ್ಪಸ ಇನ್ನೊಬ್ಬಳಿಗೆ ಹೊಲಿಗೆ ಬಿಚ್ಚದೆ ಆಗುತ್ತಿತ್ತು. ಡಾಕ್ಟರರ ಮಾತು ಕೇಳಿ ತ್ರಿಶಲಾ, ಇಳಿದರೆ ಇಬ್ಬರೂ ಇಳಿಯೋಣ ಅಕ್ಕಾ, ನೀವೊಬ್ಬರೇ ಯಾಕೆ ಎಂದಳು.

ಹೇಗೆ ಇಳಿಯುವುದು ಎಂಬಲ್ಲಿಗೆ ಜಗಳ ಶುರುವಾಯಿತು. ನನ್ನ ವಾದ ಸರಳ. ಕಣಜಕ್ಕೆ ಹಾಕುವುದು ಕಡಿಮೆಯಾಗಿ ತೆಗೆಯುವುದು ಹೆಚ್ಚಾದರೆ ಕಣಜ ಬರಿದಾಗಲೇಬೇಕು. ತ್ರಿಶಲಾ ತನ್ನ ಮೊಬೈಲು ಹಿಡಿದು ಕೂತಳು. ಅದರಲ್ಲಿ ಕೊಲ್ಹಾಪುರದ ಕಡೆಯ ಮರಾಠಿ ಮಾತಿನ ಹೆಂಗಸೊಬ್ಬಳು ಬಿಗಿಯಾದ ಪ್ಯಾಂಟು ತೊಟ್ಟು, "ಭರಪೂರ ಖಾ, ಬಾರೀಕ ವ್ಹಾ" ಎಂದು ಬೆರಳು ತೋರಿಸಿ ಹೇಳುತ್ತಿದ್ದಳು. ಹೊಟ್ಟೆತುಂಬ ತಿನ್ನಿ, ತೆಳ್ಳಗಾಗಿ ಎಂದು ಅರ್ಥ. ಕಡಿಮೆ ತಿಂದರೆ ಮೈ ಅಂಜುತ್ತದಂತೆ. ಬರಗಾಲ ಬಂತೆಂದು ತಿಳಿದು ಇದ್ದ ಕೊಬ್ಬನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದಂತೆ. ಹೊತ್ತು ಹೊತ್ತಿಗೆ ಧಾರಾಳವಾಗಿ ಕೊಡುತ್ತ ಹೋದರೆ ಅದಕ್ಕೆ ಧೈರ್ಯ ಬಂದು ತಾನಾಗಿಯೇ ಬಿಟ್ಟುಕೊಡುತ್ತದಂತೆ. ಆದ್ದರಿಂದ ಕ್ಯಾಲರಿ ಹೆಚ್ಚು ಮಾಡಬೇಕು.

ಇಷ್ಟು ಹೊತ್ತು ಸುಮ್ಮನೆ ಕೂತಿದ್ದ ಅತ್ತೆಯವರಿಗೆ ಅದು ಕೈರಿ ಎಂದು ಕೇಳಿಸಿತು. ಕೈರಿ ಎಂದರೆ ನಮ್ಮಲ್ಲಿ ಮಾವಿನ ಹಸಿಕಾಯಿ. "ಕೈರಿ ಹೆಚ್ಚ ತಿಂದರ ಹಲ್ಲ ಚುಳುಕ್ ಅಂತಾವ. ಮೈ ಯಾಕ ಇಳೀತೈತಿ?" ಎಂದರು. ಆಮೇಲೆ ಎಷ್ಟು ತಿದ್ದಿದರೂ ನಮ್ಮ ಮನೆಯಲ್ಲಿ ಕ್ಯಾಲರಿಗೆ ಕೈರಿ ಎಂಬ ಹೆಸರೇ ನಿಂತಿತು. ಒಂದು ಹೋಳಿಗೆಯಲ್ಲಿ ಎಷ್ಟು ಕೈರಿ ಇವೆ ಎಂದು ನಾವು ತಾಸುಗಟ್ಟಲೆ ವಾದಿಸಿದ್ದೇವೆ.

ನಿಜ ಹೇಳಬೇಕೆಂದರೆ ತ್ರಿಶಲಾಳ ಮಾತು ನನಗೆ ಒಳಗೊಳಗೇ ಸರಿ ಎನ್ನಿಸಿತ್ತು. ಮೈ ಅಂಜುತ್ತದೆ ಎಂದರೆ ನನಗಿಂತ ಚೆನ್ನಾಗಿ ತಿಳಿಯುವವರು ಯಾರು? ಅಜ್ಜಿ ಅಟ್ಟಕ್ಕೆ ರೊಟ್ಟಿ ಏರಿಸಿದಂತೆ ನನ್ನ ಮೈ ಕೂಡ ಸೊಂಟಕ್ಕೂ ತೋಳಿಗೂ ಏರಿಸಿಕೊಂಡು ಕೂತಿರಬಹುದು. ಆದರೆ ಹಿರಿಯ ಸೊಸೆ ಒಮ್ಮೆ ಆಡಿದ ಮಾತು ಬಿಟ್ಟುಕೊಡುವುದು ಹೇಗೆ? ನಾನು ಒಂದು ರೊಟ್ಟಿಗೆ ಇಳಿದೆ. ತ್ರಿಶಲಾ ಮೊಸರು, ಮೊಳಕೆಕಾಳು, ಶೇಂಗಾ, ತುಪ್ಪ ಎಂದು ತಾಟಿನ ಅಂಚಿನ ತನಕ ತುಂಬಿಕೊಂಡಳು. ನಾನು ಕಡಿಮೆ ಮಾಡಿದ ರೊಟ್ಟಿಯನ್ನೂ ಅವಳೇ ತಿನ್ನುತ್ತಿದ್ದಳು.

ಭರತೇಶ ನಿಪ್ಪಾಣಿಗೆ ಹೋದಾಗ ತೂಕದ ಯಂತ್ರ ತಂದ. ನಮ್ಮ ಕಬ್ಬಿನ ಸೀಮೆಯಲ್ಲಿ ಹುಟ್ಟಿದವರು ತಾಯಿಯನ್ನು ನಂಬುತ್ತಾರೆ, ದೇವರನ್ನು ನಂಬುತ್ತಾರೆ, ಕಾಟಾ ಒಂದನ್ನು ನಂಬುವುದಿಲ್ಲ. ಕಾಟಾ ಎಂದರೆ ತೂಕ ಮಾಡುವ ತಕ್ಕಡಿ. ಯಾವ ಕಾಟಾ ಇದ್ದರೂ ತನ್ನ ಪಾಲಿಗೆ ಒಂದಿಷ್ಟು ನುಂಗಿಯೇ ತೋರಿಸುತ್ತದೆ ಎಂದು ಗಂಡಸರು ಕಟ್ಟೆಯ ಮೇಲೆ ಕೂತು ಪ್ರಮಾಣ ಮಾಡುತ್ತಾರೆ. ಅದಕ್ಕೆ ಕಾಟಾ ಹೊಡೆಯುವುದು ಎನ್ನುತ್ತಾರೆ. ನಾನು ಕೂಡ ಆ ನಂಬಿಕೆಯ ಆಶ್ರಯ ಪಡೆದೆ. ವಾರಗಟ್ಟಲೆ ಒಂದೇ ರೊಟ್ಟಿ ತಿಂದು ಯಂತ್ರದ ಮೇಲೆ ನಿಂತರೆ ಅದು ಹಳೆಯ ಅಂಕಿಯನ್ನೇ ತೋರಿಸಿತು. ಇದು ಕಾಟಾ ಹೊಡೆಯುತ್ತಿದೆ ಎಂದು ಇಳಿದುಬಿಟ್ಟೆ. ತ್ರಿಶಲಾ ಹತ್ತಿದರೆ ಅಂಕಿ ಕೆಳಗಿಳಿಯುತ್ತಿತ್ತು. ಮುಂದಿನ ವಾರ ಇನ್ನೂ ಕೆಳಗೆ.

ಅವಳು ಗೆದ್ದಳು. ಓಣಿಯ ಹೆಂಗಸರು ಅವಳ ತಾಟು ನೋಡಲು ಬಂದರು. ಒಬ್ಬಾಕೆ ತನ್ನ ಗಂಡನಿಗೆ ತೋರಿಸಬೇಕೆಂದು ಅದರ ಫೋಟೋ ತೆಗೆದುಕೊಂಡು ಹೋದಳು. ಭರತೇಶ ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಚಿಕ್ಕೋಡಿಗೆ ಹೋಗಿ ಹೊಸ ಡ್ರೆಸ್ ಕೊಡಿಸಿದ. ನಾನು ಹಸಿದ ಹೊಟ್ಟೆಯಲ್ಲಿ ಹೊಟ್ಟೆಕಿಚ್ಚು ಪಡುತ್ತಿದ್ದೆ. ನನ್ನ ಕುಪ್ಪಸ ಅವಳ ಮೈಮೇಲೆ ಗೂಟಕ್ಕೆ ನೇತುಹಾಕಿದಂತೆ ಜೋಲುತ್ತಿತ್ತು. ಅದನ್ನು ನೋಡಿದಾಗೊಮ್ಮೆ ಒಂದು ಸಣ್ಣ ಚಳಿ ಬೆನ್ನಿನಲ್ಲಿ ಹರಿದುಹೋಗುತ್ತಿತ್ತು. ಹೊಟ್ಟೆಕಿಚ್ಚಿಗೆ ಚಳಿಯೂ ಆಗುತ್ತದೇನೋ ಎಂದುಕೊಂಡು ಸುಮ್ಮನಾದೆ.

ಒಂದು ಬೆಳಿಗ್ಗೆ ಅವಳು ಯಂತ್ರ ಹತ್ತಿದಾಗ ಭರತೇಶ ಬಗ್ಗಿ ಅಂಕಿ ನೋಡಿದ. ಈ ಸಲ ನಗಲಿಲ್ಲ. ಇಷ್ಟು ಹೇಗೆ ಇಳಿಯುತ್ತದೆ, ಕಾಟಾ ಹೊಡೆಯುತ್ತಿದೆ ಎಂದ. ಅವಳನ್ನು ಇಳಿಸಿ, ಹಿತ್ತಲಿನ ತಗಡು ಹೊದಿಸಿದ ಪತ್ರಾಸಿನ ಮನೆಯಿಂದ ಬಾಯಿ ಬಿಚ್ಚದ ಯೂರಿಯಾ ಚೀಲ ಹೊತ್ತು ತಂದು ಯಂತ್ರದ ಮೇಲಿಟ್ಟ. ಚೀಲದ ಮೇಲೆ ತೂಕ ಅಚ್ಚಾಗಿರುತ್ತದಲ್ಲ. ನಾವೆಲ್ಲ ಸುತ್ತಲೂ ಬಗ್ಗಿದೆವು. ಅಂಕಿ ಒಂದೆರಡು ಸಲ ಮಿನುಗಿ ನಿಂತಿತು. ಚೀಲದ ಮೇಲೆ ಏನಿತ್ತೋ ಅದೇ ಯಂತ್ರದ ಮೇಲೂ ಇತ್ತು.

ಆ ಚೀಲಕ್ಕೂ ತ್ರಿಶಲಾಳಿಗೂ ಈಗ ಬಹಳ ಅಂತರ ಉಳಿದಿರಲಿಲ್ಲ. ಜೀವನದಲ್ಲಿ ಮೊದಲ ಸಲ ನಾವೆಲ್ಲ ಕಾಟಾ ಸುಳ್ಳು ಹೇಳಲಿ ಎಂದು ಬಯಸಿದ್ದೆವು. ಅತ್ತೆಯವರು ಸೊಸೆಯ ಮಣಿಕಟ್ಟು ಹಿಡಿದು ನೋಡಿದರು. ಬಳೆಗಳು ಮೊಣಕೈ ತನಕ ಜಾರಿದವು. "ತಾಟ ತುಂಬ ತಿಂತಿ, ತಿಂದದ್ದೆಲ್ಲಾ ಎಲ್ಲಿ ಹೊಂಟೈತಿ?" ಎಂದರು. ಅವಳು ನಕ್ಕಳು. ಮುಖದಲ್ಲಿ ಹಲ್ಲೇ ಎದ್ದು ಕಂಡವು. ನನಗೆ ದಿಗ್ಗೇವಾಡಿಯ ಓಣಿ ನೆನಪಾಯಿತು, ಯಾರ ಮನೆಯ ಮುಂದೆ ಆಡಬಾರದಾಗಿತ್ತೋ ಆ ಮನೆಗಳೆಲ್ಲ ನೆನಪಾದವು.

ಅವತ್ತೇ ಸಂಜೆ ಇನ್ನೊಂದು ಕಂಡೆ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಮನೆ ಮನೆಗೆ ಇದರಲ್ಲಿ ಸಡಿಲ ಬಿಗಿ ಇದ್ದೇ ಇದೆ. ನಾನು ಸಡಿಲಿನ ಕಡೆಯವಳು, ಟೀವಿ ಮುಂದೆ ಕೂತು ಪುಟಾಣಿ ಮೆಲ್ಲುತ್ತೇನೆ. ಅತ್ತೆಯವರು ಮದುವೆಯಾಗಿ ಬಂದಂದಿನಿಂದ ಕತ್ತಲಾದ ಮೇಲೆ ನೀರಿನ ಹನಿಯನ್ನೂ ಬಾಯಿಗೆ ಹಾಕಿದವರಲ್ಲ. ತ್ರಿಶಲಾ ಅವರ ದಾರಿ. ತವರಿನ ಬಸದಿಯಲ್ಲಿ ಮುನಿಗಳೆದುರು ಕೈಮುಗಿದು ಆ ನಿಯಮ ತೆಗೆದುಕೊಂಡವಳು. ಜ್ವರದಲ್ಲಿ ನಾಲಿಗೆ ಒಣಗಿದರೂ ಮುರಿದಿರಲಿಲ್ಲ. ಅಂಥವಳು ಅವತ್ತು ದೀಪ ಹಚ್ಚಿದ ಮೇಲೆ ಬಚ್ಚಲ ಬಾಗಿಲ ಮರೆಯಲ್ಲಿ ನಿಂತು, ಕಣ್ಣು ಮುಚ್ಚಿಕೊಂಡು, ತಂಬಿಗೆಯಿಂದ ಗಟಗಟ ನೀರು ಕುಡಿಯುತ್ತಿದ್ದಳು. ಗಂಟಲಿನ ನರಗಳು ಏರಿಳಿಯುವುದು ಕಾಣುತ್ತಿತ್ತು. ಹಾವು ಕಂಡಿದ್ದರೂ ನಾನು ಅಷ್ಟು ಅಂಜುತ್ತಿರಲಿಲ್ಲ.

"ಅಕ್ಕಾ, ಯಾರ ಮುಂದೂ ಹೇಳಬ್ಯಾಡ್ರಿ. ತಡಕೊಳ್ಳಾಕ ಆಗವಲ್ದು" ಎಂದಳು.

ಎಷ್ಟು ದಿನದಿಂದ ಎಂದು ಕೇಳಿದೆ. ಬಹಳ ದಿನವಾಯಿತು ಎಂದಳು. ಹಗಲೆಲ್ಲ ಕೊಡಗಟ್ಟಲೆ ಕುಡಿದರೂ ದಾಹ ಹೋಗುವುದಿಲ್ಲ, ಕಾಲು ಹಗ್ಗದಂತಾಗಿವೆ ಎಂದಳು. ತೆಳ್ಳಗಾಗುವಾಗ ಹೀಗೆಲ್ಲ ಆಗುತ್ತದೆಂದು ತಿಳಿದಿದ್ದಳಂತೆ. ನಾನು ಯಾರ ಮುಂದೂ ಹೇಳದೆ ಇರಲಿಲ್ಲ. ಅಂಜುಬುರುಕರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಭರತೇಶನಿಗೆ ಹೇಳಿದೆ, ಬೆಳಗಾಗುತ್ತಲೇ ಚಿಕ್ಕೋಡಿಗೆ ಹೊರಟೆವು.

ದವಾಖಾನೆಯಲ್ಲಿ ರಕ್ತ ತೆಗೆದರು. ವರದಿ ನೋಡಿದ ಡಾಕ್ಟರು ಕೂತಲ್ಲಿಂದ ಎದ್ದೇ ನಿಂತರು. ಸಕ್ಕರೆ ಬಹಳ ಏರಿದೆ, ಈಗಲೇ ದಾಖಲು ಮಾಡಿ, ಇನ್ನು ಕೆಲವು ದಿನ ತಡೆದಿದ್ದರೆ ಎಚ್ಚರ ತಪ್ಪುತ್ತಿತ್ತು, ಆಮೇಲೆ ನಮ್ಮ ಕೈಯಲ್ಲೂ ಇರುತ್ತಿರಲಿಲ್ಲ ಎಂದರು. ಇಷ್ಟು ಹೇಳಿ ಅವಳನ್ನು ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು. ನಾನೂ ಭರತೇಶನೂ ಹೊರಗೆ ಬೆಂಚಿನ ಮೇಲೆ ಕೂತೆವು. ನಾನು ಣಮೋಕಾರ ಮಂತ್ರ ಹೇಳತೊಡಗಿ ನಡುವೆ ಮರೆತು, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೆ. ಹುಟ್ಟಿದಂದಿನಿಂದ ಬಾಯಿಪಾಠವಾದದ್ದು ಅವತ್ತು ಮುಂದೆ ಸಾಗಲೇ ಇಲ್ಲ.

ಮರುದಿನ ಮಧ್ಯಾಹ್ನ ಡಾಕ್ಟರು ಹೊರಗೆ ಬಂದರು. ಅವರು ಈ ಕಡೆಯವರಲ್ಲ, ಮೈಸೂರು ಸೀಮೆಯ ಮಾತು. "ಭಯಪಡಬೇಡಿ, ರಿಕವರಿ ತುಂಬಾ ಚೆನ್ನಾಗಿದೆ" ಎಂದರು. ಭರತೇಶ ಗೋಡೆ ಹಿಡಿದುಕೊಂಡು ಕುಸಿದ. ನನ್ನ ಕಣ್ಣಿಗೂ ಕತ್ತಲೆ ಬಂತು. ಕಬ್ಬು ಬೆಳೆಯುವವರಿಗೆ ರಿಕವರಿ ಎಂದರೆ ಒಂದೇ ಅರ್ಥ, ಕಬ್ಬು ಅರೆದಾಗ ಅದರಿಂದ ಹೊರಡುವ ಸಕ್ಕರೆ. ರಿಕವರಿ ಚಲೋ ಎಂದರೆ ಸಕ್ಕರೆ ಹೆಚ್ಚು. ಇವಳ ಮೈಯಲ್ಲಿ ಸಕ್ಕರೆ ಇನ್ನೂ ಏರಿತು ಎಂದೇ ನಾವಿಬ್ಬರೂ ತಿಳಿದೆವು. "ಇನ್ನ ಏನ್ ಉಳೀತ್ರಿ ಸಾಹೇಬ್ರ?" ಎಂದು ಭರತೇಶ ಅಳತೊಡಗಿದ. ಡಾಕ್ಟರು ಗಾಬರಿಯಾಗಿ ನಮ್ಮನ್ನು ನೋಡಿದರು. ರಾಯಬಾಗದ ಕಡೆಯ ನರ್ಸ್ ಒಬ್ಬಳು ಬಂದು, ಅರಾಮ ಆಗ್ಯಾರ ಅಂತ ಅಂದ್ರು ಎಂದು ಬಿಡಿಸಿ ಹೇಳಬೇಕಾಯಿತು. ಭರತೇಶ ಕಣ್ಣು ಒರೆಸಿಕೊಂಡ. ನಗಬೇಕಾದ ಮಾತು, ಆದರೆ ಇವತ್ತಿಗೂ ಮನೆಯಲ್ಲಿ ಅದನ್ನು ಹೇಳಿ ಯಾರೂ ನಕ್ಕಿಲ್ಲ.

ಸ್ವಲ್ಪ ಧೈರ್ಯ ಬಂದ ಮೇಲೆ ನಾನು ಡಾಕ್ಟರರಿಗೆ ನಮ್ಮ ವಾದ ತಿಳಿಸಿ, ಹೆಚ್ಚು ತಿಂದರೆ ಇಳಿಯುವುದು ಖರೇನೇ ಎಂದು ಕೇಳಿದೆ. ಹೊಟ್ಟೆಗೆ ಹೋದದ್ದು ಮೈಗೆ ಹತ್ತಿದರೆ ತೂಕ ಏರಲೇಬೇಕು ಎಂದರು. ಇವರಿಗೆ ಅದು ಹತ್ತುತ್ತಲೇ ಇರಲಿಲ್ಲ, ಎಲ್ಲ ಮೂತ್ರದಲ್ಲಿ ಹೋಗುತ್ತಿತ್ತು, ತಾಟು ತುಂಬ ತಿಂದರೂ ಮೈ ಉಪವಾಸ ಬಿದ್ದು ತನ್ನನ್ನೇ ತಿನ್ನುತ್ತಿತ್ತು ಎಂದರು. ಅಂದರೆ ವಾದದಲ್ಲಿ ಗೆದ್ದವಳು ನಾನು. ಇಷ್ಟು ಕಹಿಯಾದ ಗೆಲುವು ಯಾರಿಗೂ ಬೇಡ. ಒಳಗೆ ಹೋದಾಗ ತ್ರಿಶಲಾ ನನ್ನ ಕೈ ಹಿಡಿದುಕೊಂಡು, "ನಾ ಗೆದ್ದೀನಿ ಅಂತ ತಿಳಕೊಂಡಿದ್ನಿ ನೋಡ್ರಿ ಅಕ್ಕಾ" ಎಂದಳು.

ಮನೆಗೆ ಕಳಿಸುವಾಗ ಡಾಕ್ಟರು ದಿನಾ ಇನ್ಸುಲಿನ್ ಚುಚ್ಚಿಕೊಳ್ಳುವುದು ಹೇಳಿಕೊಟ್ಟರು. ಇನ್ನೊಂದು ಎಚ್ಚರಿಕೆ ಹೇಳಿದರು. ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಕೆಲವು ಸಲ ಸಕ್ಕರೆ ಥಟ್ಟನೆ ಕೆಳಗಿಳಿಯುತ್ತದೆ. ಬೆವರು ಬರುತ್ತದೆ, ಕೈ ನಡುಗುತ್ತವೆ. ಆಗ ತಡಮಾಡದೆ ಸಕ್ಕರೆಯೋ ಬೆಲ್ಲವೋ ಬಾಯಿಗೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಅದೂ ಜೀವಕ್ಕೆ ಅಪಾಯ. ತ್ರಿಶಲಾ ಸಣ್ಣ ದನಿಯಲ್ಲಿ, ಹೊತ್ತು ಮುಳುಗಿದ ಮೇಲೆ ಹಾಗಾದರೆ ಎಂದು ಕೇಳಿದಳು. ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಯಾವ ಹೊತ್ತಾದರೇನಮ್ಮ ಎಂದು ಮುಂದಿನ ರೋಗಿಯ ಕಡೆ ಹೋದರು. ನನಗೆ ಅರ್ಥವಾಯಿತು. ಒಂದು ಅಂಜಿಕೆ ಇಳಿದ ಜಾಗದಲ್ಲಿ ಇನ್ನೊಂದು ಬಂದು ಕೂತಿತು.

ಮನೆಗೆ ಬಂದ ಮೇಲೆ ಎಲ್ಲರೂ ಹೇಳಿ ನೋಡಿದೆವು. ಕಾಯಿಲೆಯವರಿಗೆ ರಿಯಾಯಿತಿ ಇರುತ್ತದೆ, ಬೇಕಾದರೆ ಮುನಿಗಳನ್ನೇ ಕೇಳೋಣ ಎಂದ ಭರತೇಶ. ಅವಳು ತಲೆಯಲ್ಲಾಡಿಸಿದಳು. ಬಚ್ಚಲ ಮರೆಯಲ್ಲಿ ನೀರು ಕುಡಿದು ನಿಯಮ ಮುರಿದೆ, ಅದಕ್ಕೇ ದವಾಖಾನೆ ಕಂಡೆ ಎಂಬುದು ಅವಳ ಲೆಕ್ಕ. ಕಾಯಿಲೆ ಬಂದದ್ದಕ್ಕೆ ನೀರು ಕುಡಿದೆ ಎಂಬ ಲೆಕ್ಕ ಅವಳ ತಲೆಗೆ ಹತ್ತಲಿಲ್ಲ. ಅತ್ತೆಯವರು ಈ ಮಾತು ಬಂದಾಗೆಲ್ಲ ಜಪಮಾಲೆ ಎಣಿಸುತ್ತ ಸುಮ್ಮನಿರುತ್ತಿದ್ದರು. ಅವರು ಏನೂ ಹೇಳದಿರುವುದೇ ನನಗೆ ದೊಡ್ಡ ಅಂಜಿಕೆಯಾಗಿತ್ತು. ತ್ರಿಶಲಾ ಆ ಮೌನವನ್ನು ಒಪ್ಪಿಗೆ ಎಂದೇ ತಿಳಿದಿದ್ದಳು. ಸಂಜೆಯಾಗುತ್ತ ಬಂದರೆ ನಾನು ಅವಳ ಹಣೆಯನ್ನೇ ನೋಡುತ್ತಿದ್ದೆ. ಬೇಸಿಗೆಯ ಸೆಕೆಗೆ ಬಂದ ಬೆವರು ಯಾವುದು, ಇನ್ನೊಂದು ಬೆವರು ಯಾವುದು ಎಂದು ತಿಳಿಯದೆ ಸೆರಗಿನಲ್ಲಿ ಬೆಲ್ಲದ ಚೂರು ಕಟ್ಟಿಕೊಂಡು ಅವಳ ಹಿಂದೆ ಹಿಂದೆ ತಿರುಗುತ್ತಿದ್ದೆ. ನನ್ನ ಸೆರಗಿಗೆ ಇರುವೆ ಹತ್ತಿದವು.

ಒಂದು ಸಂಜೆ ಅದು ಬಂತು. ಮೋಟಾರಿಗೆ ಕರೆಂಟು ಬರುವ ಪಾಳಿ ಎಂದು ಗಂಡಸರಿಬ್ಬರೂ ಹೊಲಕ್ಕೆ ಹೋಗಿದ್ದರು. ದೀಪ ಹಚ್ಚಿ ತಿರುಗಿ ನೋಡಿದರೆ ತ್ರಿಶಲಾ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಮುಖ ತೊಳೆದುಕೊಂಡವಳಂತೆ ತೊಯ್ದಿತ್ತು. ತುಟಿ ಬಿಳಿಚಿದ್ದವು, ಮಡಿಲಲ್ಲಿದ್ದ ಎರಡೂ ಕೈ ಒಂದನ್ನೊಂದು ಹಿಡಿದುಕೊಂಡು ನಡುಗುತ್ತಿದ್ದವು. ನಾನು ಡಬ್ಬಿಯಿಂದ ಬೆಲ್ಲದ ದೊಡ್ಡ ಹೆಂಟೆ ತೆಗೆದು ಅವಳ ಬಾಯಿಯ ಹತ್ತಿರ ಒಯ್ದೆ. ಅವಳು ತುಟಿ ಬಿಗಿದು ಮುಖ ತಿರುಗಿಸಿದಳು.

"ಹೊತ್ತ ಮುಳುಗೇತಿ ಅಕ್ಕಾ. ಬ್ಯಾಡ್ರಿ."

ಬೈದೆ. ಕಾಲು ಹಿಡಿದೆ. ಹಿರಿಯಳೆಂಬುದನ್ನು ಮರೆತು ಅತ್ತುಬಿಟ್ಟೆ. ಅವಳ ಕಣ್ಣು ನನ್ನನ್ನು ದಾಟಿ ಎಲ್ಲೋ ನೋಡತೊಡಗಿದ್ದವು. ಗದ್ದಲಕ್ಕೆ ಅತ್ತೆಯವರು ದೇವರ ಕೋಣೆಯಿಂದ ಎದ್ದು ಬಂದರು. ಅವರು ಒಂದು ಮಾತು ಅಡ್ಡ ಆಡಿದರೆ ಇವಳು ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅವರು ಬಾಗಿಲಾಚೆಗೆ ಒಮ್ಮೆ ನೋಡಿದರು. ಹೊರಗೆ ಪೂರ್ತಿ ಕತ್ತಲಾಗಿತ್ತು. ಜಪಮಾಲೆಯನ್ನು ಕೊರಳಿಗೆ ಹಾಕಿಕೊಂಡು, ನನ್ನ ಕೈಯೊಳಗಿನ ಬೆಲ್ಲ ಇಸಿದುಕೊಂಡು, ಒರಳಿನ ಅಂಚಿಗೆ ಕುಟ್ಟಿ ಒಡೆದರು. ಒಂದು ಚೂರನ್ನು ತಮ್ಮ ಬಾಯಿಗೆ ಹಾಕಿಕೊಂಡರು. ಉಳಿದ ನಾಲ್ಕಾರು ಹಲ್ಲಿನಿಂದ ಅಗಿದು, ನಾವಿಬ್ಬರೂ ನೋಡುತ್ತಿರುವಂತೆ ನುಂಗಿದರು. ಆಮೇಲೆ ಸೊಸೆಯ ಎದುರು ಕೂತು ಅವಳ ಗದ್ದ ಹಿಡಿದರು.

"ನಾ ತಿಂದೀನಿ. ಪಾಪ ಏನಿದ್ರೂ ಮೊದಲ ನನಗ ಹತ್ತೈತಿ. ಈಗ ಬಾಯಿ ತಗಿ."

ತ್ರಿಶಲಾ ಬಾಯಿ ತೆರೆದಳು. ಅತ್ತೆಯವರು ಬೆಲ್ಲ ಇಟ್ಟು, ಅವಳ ದವಡೆ ಅಲ್ಲಾಡುವ ತನಕ ಗದ್ದದ ಮೇಲಿನ ಕೈ ತೆಗೆಯಲಿಲ್ಲ. ಇನ್ನೊಂದು ಚೂರು ಇಟ್ಟರು, ಮತ್ತೊಂದು ಇಟ್ಟರು. ಅವಳ ಕೈ ನಡುಗುವುದು ನಿಲ್ಲುವವರೆಗೂ ಹಾಗೇ ಕೂತಿದ್ದರು. ಒರಳಿನ ಹತ್ತಿರ ಉಳಿದಿದ್ದ ಪುಡಿಯನ್ನು ನಾನು ಬಾಯಿಗೆ ಹಾಕಿಕೊಂಡೆ. ಅಂಜಿಕೆಗೆ ಬಾಯಿ ಎಷ್ಟು ಒಣಗಿತ್ತೆಂದರೆ ಬೆಲ್ಲ ಬಹಳ ಹೊತ್ತು ಕರಗಲಿಲ್ಲ.